ಜಂಬೂದ್ವೀಪಕ್ಕೆಲ್ಲ ಒಂದು ಧೂಪ

ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟ್ಟಿನವರು ನೆಲೆಸಿ ಅರ್ಧ ಶತಮಾನಕ್ಕೂ ಮೇಲಾಯಿತು. ನಾವು ಹುಣಸೂರು ಪೇಟೆಯವರು. ಹುಡುಗರಾಗಿದ್ದಂದಿನಿಂದ ಅವರನ್ನು ಬಲ್ಲೆವು. ಬಲ್ಲೆವೆಂದರೆ ಎಷ್ಟು? ಸಂತೆಯಲ್ಲಿ ಕಂಡು ಬಲ್ಲೆವು. ಮೋಟಾರು ಬಸ್ಸಿನಲ್ಲಿ ಅವರ ಪಕ್ಕದಲ್ಲಿ ಕುಳಿತು ಬಲ್ಲೆವು. ಚಳಿಗಾಲದಲ್ಲಿ ಅವರಿಂದ ಸ್ವೆಟರು ಕೊಂಡು ಬಲ್ಲೆವು. ಪರಸ್ಥಳದ ನೆಂಟರು ಬಂದಾಗ ಅವರ ವಿಹಾರದ ಬಂಗಾರದ ಬುದ್ಧನನ್ನು ತೋರಿಸಿಕೊಂಡು ಬಂದದ್ದೂ ಉಂಟು. ಅವರ ಮನೆಯೊಂದರ ಹೊಸ್ತಿಲನ್ನು ಮಾತ್ರ ದಾಟಿರಲಿಲ್ಲ.

ಕರೆಯುವವರಿಲ್ಲದೆ ಹೀಗಾಯಿತೆಂದು ವಾಚಕರು ತಿಳಿಯಬಾರದು. ಆ ಊರಿನ ಹೆಣ್ಣುಮಗಳೊಬ್ಬಳು ದಾದಿಯರ ಶಿಕ್ಷಣವನ್ನು ಪಡೆಯುತ್ತಿದ್ದಾಗ, ರೋಗಿಗಳೊಡನೆ ತಪ್ಪಿಲ್ಲದೆ ಕನ್ನಡದಲ್ಲಿ ಮಾತನಾಡಬೇಕೆಂಬ ಆಸೆಯಿಂದ ರಜಾದಿನಗಳಲ್ಲಿ ನಮ್ಮ ಮನೆಗೆ ಪಾಠಕ್ಕೆ ಬರುತ್ತಿದ್ದಳು. ಮುಂಗಾರು ಹಿಡಿಯುವ ಹೊತ್ತಿಗೆ, “ಸರ್, ನಮ್ಮೂರಲ್ಲಿ ಧೂಪದ ಹಬ್ಬ. ನೀವೂ ಅಮ್ಮನೂ ಬರಬೇಕು” ಎಂದು ವರ್ಷವೂ ಕರೆಯುವಳು. ಮೂರು ವರ್ಷ ಕರೆದಳು. ಮೂರು ವರ್ಷವೂ ನಾವು ನೆಪ ಹೇಳಿದೆವು. ಒಮ್ಮೆ ಉತ್ತರಪತ್ರಿಕೆಗಳ ಮೌಲ್ಯಮಾಪನ, ಒಮ್ಮೆ ಮಂಡಿನೋವು, ಒಮ್ಮೆ ಚಾತುರ್ಮಾಸ್ಯದ ನೇಮ. ಅವರಲ್ಲಿ ಮಾಂಸ ಬೇಯಿಸುವರೆಂಬುದೇ ನಿಜವಾದ ಕಾರಣ. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳುವ ಧೈರ್ಯ ನಮಗಿರಲಿಲ್ಲ. ಆ ಮೇಲೆ ಆಕೆ ನಾರ್ವೆ ದೇಶದಲ್ಲಿ ವೃದ್ಧರನ್ನು ಆರೈಕೆ ಮಾಡುವ ಗೃಹವೊಂದರಲ್ಲಿ ಕೆಲಸ ದೊರಕಿಸಿಕೊಂಡು ಹೊರಟುಹೋದಳು.

2025ನೆಯ ಇಸವಿ ಜುಲೈ ತಿಂಗಳ ಮೊದಲಲ್ಲಿ ಅವಳ ತಂದೆಯೇ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. “ಮೇಷ್ಟ್ರೇ, ಈ ಸಲ ನಿಮ್ಮನ್ನು ಕರೆಯದೆ ಹಬ್ಬ ಮಾಡಬೇಡಿ ಅಂತ ಮಗಳು ಫೋನಿನಲ್ಲಿ ಹೇಳಿದಾಳೆ. ಅಡಿಗೆಗೆ ಮಾಂಸ ಇಲ್ಲ, ಮೊಟ್ಟೆ ಇಲ್ಲ. ಪಾತ್ರೆ ಕೂಡ ಹೊಸದು ತಂದಿದೀವಿ” ಎಂದರು.

ಪಾತ್ರೆಯೂ ಹೊಸದೆಂಬ ಮಾತನ್ನು ಅವರು ಬಹಳ ಸಹಜವಾಗಿ ಆಡಿದರು. ನಮಗೆ ತಲೆಯೆತ್ತಲಾಗಲಿಲ್ಲ. ಮೂರು ವರ್ಷದ ನೆಪಗಳನ್ನೂ ಆ ಹುಡುಗಿ ಅಂದೇ ಅರ್ಥಮಾಡಿಕೊಂಡಿದ್ದಳು. ಒಳಗಿನಿಂದ ನಮ್ಮ ಮನೆಯವರೇ ಹೊರಗೆ ಬಂದು, “ಬರುತ್ತೇವೆ ಅಂತ ಹೇಳಿ” ಎಂದರು.

ಹಬ್ಬದ ದಿನ ಜುಲೈ 10, ಗುರುವಾರ. ನಮ್ಮ ಪಂಚಾಂಗದಲ್ಲಿ ಅದು ಆಷಾಢ ಶುದ್ಧ ಪೂರ್ಣಿಮೆ, ವ್ಯಾಸಪೂಜೆಯ ದಿನ. ಅವರ ಲೆಕ್ಕದಲ್ಲಿ ಐದನೆಯ ತಿಂಗಳ ಹದಿನೈದನೆಯ ದಿನ. ಅವರ ತಿಂಗಳುಗಳೂ ಚಾಂದ್ರಮಾನದವು, ಅವರಿಗೂ ಅಧಿಕಮಾಸವುಂಟು. ಆದಕಾರಣ ಈ ಹಬ್ಬವು ಒಂದು ವರ್ಷ ಜೂನಿನ ಹುಣ್ಣಿಮೆಗೆ ಬಂದರೆ ಮತ್ತೊಂದು ವರ್ಷ ಜುಲೈ ಹುಣ್ಣಿಮೆಗೆ ಬೀಳುವುದು. ಇಲ್ಲಿ ಪಂಚಾಂಗಪ್ರಿಯರಿಗೆ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಅವರಲ್ಲಿಯೂ ಅರವತ್ತು ಸಂವತ್ಸರಗಳ ಚಕ್ರವಿದೆ. ಅದರ ಹೆಸರು ‘ರಬ್‌ಜುಂಗ್’. ನಮ್ಮ ‘ಪ್ರಭವ’ ಎಂಬ ಪದವನ್ನೇ ಅವರು ಹಾಗೆ ಭಾಷಾಂತರಿಸಿಕೊಂಡಿದ್ದಾರೆ. 1987ರಲ್ಲಿ ನಮಗೆ ಪ್ರಭವ ಸಂವತ್ಸರ ಬಂದಾಗ ಅವರಿಗೂ ಹೊಸ ಚಕ್ರದ ಮೊದಲ ವರ್ಷವೇ ಬಂದಿತ್ತು. ನಾವು ವಿಶ್ವಾವಸುವೆಂದು ಕರೆದ 2025ನೆಯ ವರ್ಷವು ಅವರ ಎಣಿಕೆಯಲ್ಲಿಯೂ ಮೂವತ್ತೊಂಬತ್ತನೆಯದೇ. ನಮ್ಮ ಯುಗಾದಿಯ ಪಂಚಾಂಗಶ್ರವಣವನ್ನು ಇಷ್ಟು ವರ್ಷ ಕೇಳಿದ ನಾವು, ಅದೇ ಚಕ್ರ ಹತ್ತು ಹದಿನೈದು ಮೈಲಿಯಾಚೆ ಬೇರೊಂದು ಭಾಷೆಯಲ್ಲಿ ತಿರುಗುತ್ತಿರುವುದನ್ನು ಅರಿಯದೆ ಇದ್ದೆವು.

ಬೆಳಗಿನ ಪೂಜೆಯನ್ನು ಮುಗಿಸಿ ಹೊರಟೆವು. ನಮ್ಮ ಮನೆಯವರು ಹಿಂದಿನ ರಾತ್ರಿಯೇ ಒಬ್ಬಟ್ಟು ಮಾಡಿ ಹಿತ್ತಾಳೆಯ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ದಾರಿಯ ಎರಡು ಪಕ್ಕದಲ್ಲಿಯೂ ಹೊಗೆಸೊಪ್ಪಿನ ಹೊಲಗಳು, ನಡುನಡುವೆ ಮುಸುಕಿನ ಜೋಳ. ಆಕಾಶ ಮುಚ್ಚಿಕೊಂಡು ಸೋನೆ ಹಿಡಿದಿತ್ತು. ಶಿಬಿರವನ್ನು ಸಮೀಪಿಸಿದಂತೆ ಮನೆಗಳ ಮೇಲೆ ಐದು ಬಣ್ಣದ ಬಟ್ಟೆಯ ಪತಾಕೆಗಳು ಕಾಣಿಸಿದುವು: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಈ ಊರಿಗೆ ಅವರು ಇಟ್ಟುಕೊಂಡಿರುವ ಹೆಸರು ರಬ್ಗ್ಯೇಲಿಂಗ್. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಸಾವಿರಾರು ಜನ ಅವರ ಹಿಂದೆ ಹಿಮಾಲಯವನ್ನು ದಾಟಿದರು. ಆಗಿನ ಮೈಸೂರು ಸರ್ಕಾರವು ಮೊದಲು ಬೈಲಕುಪ್ಪೆಯಲ್ಲಿ ಭೂಮಿಯನ್ನು ಕೊಟ್ಟಿತು. ಆ ಬಳಿಕ ಮುಂಡಗೋಡು, ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲಿಯೂ ಅವರು ನೆಲೆಗೊಂಡರು. ಗುರುಪುರದ ನೆಲೆ 1972ರದು. 1433ರಲ್ಲಿ ಟಿಬೆಟ್ಟಿನಲ್ಲಿ ಸ್ಥಾಪಿತವಾದ ಗ್ಯುದ್ಮೇ ತಂತ್ರವಿಹಾರವೂ ಡಾಲ್‌ಹೌಸಿಯಲ್ಲಿ ಕೆಲವು ವರ್ಷ ಇದ್ದು ಇಲ್ಲಿಗೇ ಬಂದು ನಿಂತಿದೆ.

ಬಾಗಿಲಲ್ಲಿ ನಮ್ಮನ್ನು ಎದುರುಗೊಂಡವರು ಆ ಮನೆಯ ಅಜ್ಜಿ. ಎಲ್ಲರೂ ಆಕೆಯನ್ನು ‘ಮೋಲಾ’ ಎನ್ನುವರು. ‘ಮೋ’ ಎಂದರೆ ಅಜ್ಜಿ, ‘ಲಾ’ ಎಂಬುದು ಗೌರವವಾಚಕ. ನಮ್ಮ ‘ಅವರು’ ಇದ್ದಂತೆ. ಎಂಬತ್ತರ ಹತ್ತಿರದ ವಯಸ್ಸು. “ಬಾ ಮೇಷ್ಟ್ರೇ, ಕುಂತ್ಕೋ. ಮಳೇಲಿ ನೆಂದ್ಯಾ?” ಎಂದು ವಿಚಾರಿಸಿದರು. ಏಕವಚನವನ್ನು ಕೇಳಿ ಅವರ ಮಗ ನಾಚಿಕೊಂಡರು. ಆಕೆ ಕನ್ನಡ ಕಲಿತದ್ದು ಹೊಲದಲ್ಲಿ ಕಳೆ ಕೀಳುವ ಹೆಂಗಸರಿಂದ. ಅವರು ಆಡುವ ಕನ್ನಡವೇ ಆಕೆಯ ಕನ್ನಡ. ವಿನೋದವೇನೆಂದರೆ ಆಕೆಯ ಸ್ವಂತ ಭಾಷೆಯಷ್ಟು ಬಹುವಚನಪ್ರಿಯವಾದ ಭಾಷೆ ಅಪರೂಪ. ಅದರಲ್ಲಿ ತಲೆಗೊಂದು ಮಾತಾದರೆ ಪೂಜ್ಯರ ತಲೆಗೆ ಇನ್ನೊಂದು. ಕೈಗೊಂದಾದರೆ ಪೂಜ್ಯರ ಕೈಗೆ ಇನ್ನೊಂದು. ಚಹವು ಮಾಮೂಲಾಗಿ ‘ಜಾ’, ಅತಿಥಿಗೆ ಕೊಡುವಾಗ ‘ಸೋಜಾ’. ನಮಗೆ ಬಂದದ್ದು ಸೋಜಾ.

ಅದರ ವಿಷಯವನ್ನು ಹೇಳಿಬಿಡುವೆವು. ಚಹದ ಕಷಾಯಕ್ಕೆ ಉಪ್ಪು ಬೆಣ್ಣೆಗಳನ್ನು ಸೇರಿಸಿ ಕಡೆಯುತ್ತಾರೆ. ಹಿಂದೆ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಿದ್ದರಂತೆ. ಈ ಮನೆಯಲ್ಲಿ ಮಿಕ್ಸಿ, ಬೆಣ್ಣೆ ನಂದಿನಿಯದು. ಮಜ್ಜಿಗೆಗೆ ಉಪ್ಪು ಹಾಕುವವರು ಚಹಕ್ಕೆ ಹಾಕಿದರೇಕೆ ಹುಬ್ಬೇರಿಸಬೇಕೆಂದು ಮನಸ್ಸನ್ನು ಗಟ್ಟಿಮಾಡಿಕೊಂಡು ಕುಡಿದೆವು. ಚಹವೆಂದು ಕುಡಿದರೆ ಸೇರದು, ಸಾರೆಂದು ಕುಡಿದರೆ ಸೊಗಸು. ಒಂದು ಗುಟುಕು ಕುಡಿದ ಕೂಡಲೆ ಮತ್ತೆ ಬಟ್ಟಲನ್ನು ತುಂಬುವುದು ಅವರ ಪದ್ಧತಿ. ಇದನ್ನು ತಿಳಿಯದೆ ನಾವು ಮರ್ಯಾದೆಗೆಂದು ನಾಲ್ಕು ಸಲ ಬರಿದುಮಾಡಿದೆವು.

ಮನೆಯವರೆಲ್ಲ ಬುತ್ತಿಗಳನ್ನು ಹೊತ್ತು ಊರ ಅಂಚಿನ ದಿಣ್ಣೆಗೆ ಹೊರಟರು. ಅಲ್ಲಿ ಸುಣ್ಣ ಬಳಿದ, ಗೂಡಿನಾಕಾರದ ಒಂದು ಒಲೆಯಿದೆ. ಆಗಲೇ ಐದಾರು ಸಂಸಾರಗಳು ಟಾರ್ಪಾಲುಗಳನ್ನು ಕಟ್ಟಿಕೊಂಡು ಕುಳಿತಿದ್ದುವು. ದೂರದಲ್ಲಿ ನಾಗರಹೊಳೆಯ ಕಾಡು ಕಪ್ಪಗೆ ಕಾಣುತ್ತಿದ್ದಿತು.

ದಾರಿಯಲ್ಲಿ ಯಜಮಾನರನ್ನು ಹಬ್ಬದ ಹೆಸರೇನೆಂದು ಕೇಳಿದೆವು. “ಜಾಮ್ಲಿಂಗ್ ಚೀಸಾಂಗ್” ಎಂದರು. ಬಿಡಿಸಿ ಹೇಳಿರೆಂದೆವು, ಅಧ್ಯಾಪಕವೃತ್ತಿಯವರಿಗೆ ಪದವನ್ನು ಬಿಡಿಸದೆ ನಿದ್ರೆ ಬಾರದು. ‘ಸಾಂಗ್’ ಎಂದರೆ ಶುದ್ಧಿಗಾಗಿ ಹಾಕುವ ಧೂಪ. ‘ಚೀ’ ಎಂದರೆ ಎಲ್ಲರಿಗೂ ಸಾಮಾನ್ಯವಾದದ್ದು. ‘ಜಾಮ್ಲಿಂಗ್’ ಎಂದರೆ ಲೋಕ ಎಂದರು. “ಲೋಕವೆಂದು ಹೇಗಾಯಿತು?” ಎಂದು ಕೇಳಿದ್ದಕ್ಕೆ, “ಲಿಂಗ್ ಅಂದರೆ ದ್ವೀಪ, ಜಾಮ್ ಅಂದರೆ ಅದೊಂದು ಮರದ ಹೆಸರು” ಎಂದರು. ನಾವು ನಡೆಯುತ್ತಿದ್ದವರು ನಿಂತೆವು. ಜಂಬೂದ್ವೀಪ! ಪ್ರತಿದಿನವೂ ಸಂಕಲ್ಪದಲ್ಲಿ ನಾವು ಉಚ್ಚರಿಸುವ ಜಂಬೂದ್ವೀಪವೇ. ಆ ದಿನ ಬೆಳಿಗ್ಗೆ ಪೂಜೆಯಲ್ಲಿಯೂ ಅದನ್ನು ಉಚ್ಚರಿಸಿಯೇ ಮನೆಯಿಂದ ಹೊರಟಿದ್ದೆವು. ಆದರೆ ನಾವು ಜಂಬೂದ್ವೀಪವನ್ನು ಹೇಳುವುದು ನಮ್ಮ ವಿಳಾಸವನ್ನು ತಿಳಿಸುವುದಕ್ಕಾಗಿ: ಇಂಥ ದ್ವೀಪದ, ಇಂಥ ವರ್ಷದ, ಇಂಥ ನದಿಯ ತೀರದಲ್ಲಿರುವ ನಾವು ನಮ್ಮ ಕುಟುಂಬದ ಕ್ಷೇಮಕ್ಕಾಗಿ ಪೂಜೆಮಾಡುವೆವೆಂದು. ಇವರು ಆ ದ್ವೀಪಕ್ಕೆಲ್ಲ ಸೇರಿಸಿ ಧೂಪ ಹಾಕಲು ಬುತ್ತಿ ಕಟ್ಟಿಕೊಂಡು ಹೊರಟಿದ್ದರು.

ಹಬ್ಬದ ಮೂಲಕಥೆ ಎಂಟನೆಯ ಶತಮಾನದ್ದು. ತ್ರಿಸೋಂಗ್ ದೆತ್ಸೆನ್ ಎಂಬ ಅರಸನು ಸಮ್ಯೆ ಎಂಬಲ್ಲಿ ಟಿಬೆಟ್ಟಿನ ಮೊದಲನೆಯ ವಿಹಾರವನ್ನು ಕಟ್ಟಿಸಲು ತೊಡಗಿ, ಭಾರತದಿಂದ ಶಾಂತರಕ್ಷಿತಾಚಾರ್ಯರನ್ನು ಕರೆಸಿದನು. ಸಂಸ್ಕೃತಜ್ಞರಿಗೆ ಇವರು ‘ತತ್ತ್ವಸಂಗ್ರಹ’ದ ಕರ್ತೃಗಳೆಂದು ಪರಿಚಿತರು. ಹಗಲು ಕಟ್ಟಿದ ಗೋಡೆಯನ್ನು ಇರುಳು ಭೂತಗಳು ಕೆಡವುತ್ತಿದ್ದುವಂತೆ. ತರ್ಕದಿಂದ ಭೂತಗಳು ಜಗ್ಗಲಿಲ್ಲ. ಆಗ ಶಾಂತರಕ್ಷಿತರ ಸಲಹೆಯಂತೆ ಉಡ್ಡಿಯಾನದಿಂದ ಪದ್ಮಸಂಭವರು ಬಂದರು. ಅವರು ಭೂತಗಳನ್ನು ಕೊಲ್ಲಲಿಲ್ಲ. ಬೆಟ್ಟದ ಮೇಲೆ ಧೂಪ ಹಾಕಿ ಅವನ್ನು ಒಲಿಸಿಕೊಂಡು, ಆ ನೆಲವನ್ನು ಕಾಯುವ ಕೆಲಸಕ್ಕೇ ನೇಮಿಸಿದರು. ಊರ ಮಾರಿಯನ್ನೇ ಊರ ಕಾವಲಿಗೆ ನಿಲ್ಲಿಸಿಕೊಂಡಿರುವ ನಮ್ಮ ಹಳ್ಳಿಗರಿಗೆ ಈ ಉಪಾಯವನ್ನು ವಿವರಿಸಬೇಕಾದುದಿಲ್ಲ. ಪದ್ಮಸಂಭವರನ್ನು ಟಿಬೆಟ್ಟಿನವರು ಗುರು ರಿಂಪೋಚೆ ಎನ್ನುವರು. ನಮ್ಮ ಗುರುಪೂರ್ಣಿಮೆಯ ದಿನ, ಗುರುಪುರದಲ್ಲಿ, ಈ ಗುರುವಿನ ಹಬ್ಬ!

ಧೂಪಕ್ಕೆ ಬೇಕಾದದ್ದು ‘ಶುಕ್ಪಾ’ ಎಂಬ ಹಿಮಾಲಯದ ಗಿಡದ ಸೊಪ್ಪು. ಮೈಸೂರು ಸೀಮೆಯಲ್ಲಿ ಅದೆಲ್ಲಿ ಬರಬೇಕು? ಲಡಾಖಿನಿಂದ ಯಾರೋ ತಂದುಕೊಟ್ಟ ಒಣಗಿದ ಸೊಪ್ಪಿನ ಒಂದು ಚೀಲವನ್ನು ಅಜ್ಜಿ ಜೋಪಾನವಾಗಿ ಇಟ್ಟಿದ್ದರು. ಅದನ್ನು ಮಿತವಾಗಿ ಬಳಸಿ, ಉಳಿದುದಕ್ಕೆ ಅಂಗಳದಲ್ಲಿ ಬೆಳೆಸಿದ ಥೂಜಾ ಗಿಡದ ಸೊಪ್ಪನ್ನು ಹಾಕುತ್ತಾರೆ. ಶಾಲೆಯ ಮಕ್ಕಳು ವಿದ್ಯೆ ಬರುವುದೆಂದು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಳ್ಳುವ ಎಲೆ ಅದು. ಶುಕ್ಪಾವಿನ ಕುಲಕ್ಕೇ ಸೇರಿದ ಗಿಡ. ಸೋನೆಯಲ್ಲಿ ಎಲ್ಲವೂ ಒದ್ದೆಯಾಗಿದ್ದಿತು. ಬೆಂಕಿ ಹಿಡಿಯಲಾರದೆಂದು ನಾವು ಚಿಂತಿಸಿದೆವು. ಅಜ್ಜಿ ನಕ್ಕರು. “ಬೆಂಕಿ ಬ್ಯಾಡ ಮೇಷ್ಟ್ರೇ. ಹೊಗೆ ಬೇಕು.” ನಮ್ಮ ಹೋಮದಲ್ಲಿ ಹೊಗೆಯಿಲ್ಲದೆ ಜ್ವಲಿಸುವ ಅಗ್ನಿಗೆ ಆಹುತಿ ಕೊಡಬೇಕೆಂದು ವಿಧಿ. ಇಲ್ಲಿ ಕೆಂಡ ಮಾಡಿಕೊಂಡು ಅದರ ಮೇಲೆ ಹಸಿಯ ಸೊಪ್ಪು ಹೊದಿಸಿ, ಸಾಲದಿದ್ದರೆ ನೀರು ಚಿಮುಕಿಸುವರು. ದಪ್ಪನೆಯ ಬಿಳಿಯ ಹೊಗೆ ಗೂಡಿನ ಬಾಯಿಂದ ಎದ್ದು, ಮೊದಲು ಮಳೆಯ ಭಾರಕ್ಕೆ ನೆಲದ ಮೇಲೆ ಹರಡಿ ನಮ್ಮೆಲ್ಲರ ಕಣ್ಣುಗಳಲ್ಲಿ ನೀರು ತರಿಸಿ, ಆಮೇಲೆ ಮೆಲ್ಲಗೆ ಕಾಡಿನ ಕಡೆಗೆ ತಿರುಗಿತು.

ಬೆಣ್ಣೆಯನ್ನೂ ಚಂಪಾವನ್ನೂ ಕೆಂಡಕ್ಕೆ ಹಾಕಿದರು. ಚಂಪಾ ಎಂದರೆ ಹುರಿದ ಜವೆಗೋಧಿಯ ಹಿಟ್ಟು. ಋಗ್ವೇದದ ‘ಸಕ್ತು’ ಇದೇ ಬಗೆಯದು. ನಮ್ಮ ರಾಗಿ ಹುರಿಹಿಟ್ಟು ಇದರ ದಾಯಾದಿ. ಬಳಿಕ ಎಲ್ಲರೂ ಸಾಲಾಗಿ ನಿಂತು ಬಲಗೈಯಲ್ಲಿ ಚಿಟಿಕೆ ಹಿಟ್ಟನ್ನು ಹಿಡಿದರು. ನಮ್ಮ ಕೈಗೂ ಕೊಟ್ಟರು. ಎರಡು ಸಲ ಕೈಯೆತ್ತಿ ಇಳಿಸಿ, ಮೂರನೆಯ ಸಲ “ಲ್ಹಾ ಗ್ಯಲೋ!” ಎಂದು ಕೂಗಿ ಆಕಾಶಕ್ಕೆ ಎರಚುವುದು. ‘ಲ್ಹಾ’ ಎಂದರೆ ದೇವತೆ, ‘ಗ್ಯಲ್’ ಎಂದರೆ ಜಯ. ನಾವು ಗಾಳಿಯ ದಿಕ್ಕನ್ನು ನೋಡಲಿಲ್ಲವಾಗಿ ನಮ್ಮ ಹಿಟ್ಟು ಸಂಪೂರ್ಣವಾಗಿ ನಮ್ಮ ಮೀಸೆಯ ಮೇಲೆಯೇ ಕುಳಿತಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅದು ಶುಭವೆಂದು ಯಜಮಾನರು ಸಮಾಧಾನ ಹೇಳಿದರು.

ಹೊಸ ಪತಾಕೆಗಳನ್ನು ಮರದಿಂದ ಮರಕ್ಕೆ ಕಟ್ಟುವಾಗ ಒಂದರ ಮೇಲಿನ ಅಕ್ಷರಗಳನ್ನು ಯಜಮಾನರು ಓದಿ ತೋರಿಸಿದರು. ಲಿಪಿ ಭಾರತದ ಲಿಪಿಯಿಂದ ಹುಟ್ಟಿದ್ದು, ಮಂತ್ರಗಳು ಸಂಸ್ಕೃತದವು. ನಮ್ಮಲ್ಲಿ ಕಳೆದುಹೋದ ಎಷ್ಟೋ ಗ್ರಂಥಗಳು ಅವರ ಭಾಷಾಂತರಗಳಲ್ಲಿ ಉಳಿದಿವೆ. ದಿಙ್ನಾಗನ ‘ಪ್ರಮಾಣಸಮುಚ್ಚಯ’ದ ಸಂಸ್ಕೃತ ಮೂಲವು ದೊರೆಯದಿದ್ದಾಗ, ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ಟಿಬೆಟ್ ಭಾಷಾಂತರದಿಂದ ಅದರ ಮೊದಲನೆಯ ಪರಿಚ್ಛೇದವನ್ನು ಮತ್ತೆ ಸಂಸ್ಕೃತಕ್ಕೆ ತಿರುಗಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಅದನ್ನು 1930ರಲ್ಲಿ ಪ್ರಕಟಿಸಿತು. ಟಿಬೆಟ್ಟಿನ ನಿರಾಶ್ರಿತರು ನಮ್ಮ ಜಿಲ್ಲೆಗೆ ಬರುವುದಕ್ಕೆ ಮೂವತ್ತು ವರ್ಷ ಮೊದಲೇ ಮೈಸೂರಿನವರು ಅವರಲ್ಲಿಗೆ ಸಾಲಕ್ಕೆ ಹೋಗಿದ್ದರೆಂದಾಯಿತು.

ಊಟಕ್ಕೆ ಕುಳಿತೆವು. ತಿಂಗ್ಮೋ ಎಂಬ ಹಬೆಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆ, ಆಲೂಗಡ್ಡೆಯ ಪಲ್ಯ, ಕಣ್ಣೀರು ಬರಿಸುವ ಮೆಣಸಿನಕಾಯಿ ಚಟ್ನಿ. ಪಾತ್ರೆಗಳು ಹೊಸವೇ, ಅಂಗಡಿಯ ಚೀಟಿಯ ಅಂಟು ಒಂದೆರಡರ ಮೇಲೆ ಇನ್ನೂ ಉಳಿದಿದ್ದಿತು. ಒಬ್ಬಟ್ಟನ್ನು ಅಜ್ಜಿ ಮೂಸಿ ನೋಡಿ, ಬೆಣ್ಣೆಚಹದಲ್ಲಿ ಅದ್ದಿ ತಿಂದರು. ನಮ್ಮ ಮನೆಯವರು ಗಾಬರಿಗೊಂಡರು. ಆದರೆ ಸ್ವಲ್ಪ ಹೊತ್ತಿನ ಮೇಲೆ ತಾವೂ ಒಂದು ಚೂರನ್ನು ಅದ್ದಿ ನೋಡಿದುದನ್ನು ನಾವು ಕಂಡೆವು.

ಅಜ್ಜಿ ಹದಿಮೂರು ವರ್ಷದವರಾಗಿದ್ದಾಗ ಗಡಿ ದಾಟಿದರು. ಹಿಮಾಚಲದ ಬೆಟ್ಟಗಳಲ್ಲಿ ರಸ್ತೆಗೆ ಜಲ್ಲಿ ಒಡೆದರು, ಅಲ್ಲಿಯೇ ಮದುವೆಯಾಯಿತು. ಇಲ್ಲಿಗೆ ಬಂದಾಗ ಎಲ್ಲವೂ ಪೊದೆ. ಇರುಳೆಲ್ಲ ಆನೆಗಳಿಗಾಗಿ ಡಬ್ಬ ಬಡಿಯುವುದು, ಹಗಲೆಲ್ಲ ಬೇರು ಕೀಳುವುದು. “ಆವಾಗ ಹಬ್ಬಕ್ಕೆ ಏನು ಮಾಡಿದಿರಿ?” ಎಂದು ಕೇಳಿದೆವು. “ಇದೇ. ಹೊಗೆ. ಇಲ್ಲಿ ದೇವರು ಯಾರು ಗೊತ್ತಿಲ್ಲ. ಕೇಳ್ದೆ ಬಂದ್ವಿ ಅಲ್ವಾ? ಅದಕ್ಕೆ ಅವರಿಗೂ ಹಾಕಿದ್ವಿ.” ಕಾಡಿನ ಕಡೆಗೆ ಕೈ ತೋರಿಸಿದರು. ನಮ್ಮ ಮಾರಮ್ಮ, ಮಾಸ್ತಮ್ಮ, ಹೆಸರಿಲ್ಲದ ಗಡಿಕಲ್ಲಿನ ದೈವಗಳು, ಎಲ್ಲರೂ ಅರ್ಧ ಶತಮಾನದಿಂದ ಈ ದಿಣ್ಣೆಯ ಧೂಪವನ್ನು ಸ್ವೀಕರಿಸುತ್ತಿದ್ದಾರೆಂದು ನಮಗೆ ಅಂದು ತಿಳಿಯಬಂದಿತು.

ಹೊತ್ತು ಇಳಿದಾಗ ನಾರ್ವೆಯಿಂದ ಮಗಳ ಕರೆ ಬಂದಿತು. ಫೋನಿನ ಗಾಜಿನಲ್ಲಿ ಮುಖ ಕಾಣಿಸಿದ ಕೂಡಲೆ, “ಸರ್, ಬಂದಿರಾ!” ಎಂದಳು. ಮತ್ತೇನನ್ನೂ ಆ ವಿಷಯದಲ್ಲಿ ಆಡಲಿಲ್ಲ. ಆಮೇಲೆ ತನ್ನ ಹಬ್ಬದ ಕಥೆ ಹೇಳಿದಳು. ಜೂನ್ 23ರ ಸಂಜೆ ನೆರೆಮನೆಯ ನಾರ್ವೆ ಸಂಸಾರದವರು ಅವಳನ್ನು ಸಮುದ್ರದ ಕೋವೊಂದರ ದಡಕ್ಕೆ ಕರೆದೊಯ್ದರಂತೆ. ಅವರಿಗೆ ಅದು ಸಂತ ಯೋಹಾನನ ಹಬ್ಬದ ಮುನ್ನಾದಿನ, ‘ಸಾಂಕ್ತ್ ಹಾನ್ಸ್’. ದಡದಲ್ಲಿ ಹಳೆಯ ಮರಮುಟ್ಟುಗಳನ್ನು ಆಳೆತ್ತರ ಒಟ್ಟಿ ಬೆಂಕಿ ಹಚ್ಚುವರು. ಹುಳಿಯ ಕೆನೆಯನ್ನು ಹಿಟ್ಟಿನೊಡನೆ ಬೇಯಿಸಿ, ಮೇಲೆ ಕರಗಿದ ಬೆಣ್ಣೆಯೂ ಸಕ್ಕರೆ ದಾಲ್ಚಿನ್ನಿಗಳೂ ಬಿದ್ದ ಅಂಬಲಿ ಊಟಕ್ಕೆ. ಹೆಣ್ಣುಮಕ್ಕಳು ಬಗೆಬಗೆಯ ಹೂವುಗಳನ್ನು ಕಿತ್ತು ದಿಂಬಿನ ಕೆಳಗಿಟ್ಟು ಮಲಗಿದರೆ ಗಂಡನಾಗುವವನು ಕನಸಿನಲ್ಲಿ ಕಾಣುವನಂತೆ. ರಾತ್ರಿ ಹತ್ತು ಗಂಟೆಯಾದರೂ ಸೂರ್ಯ ಮುಳುಗಿರಲಿಲ್ಲ. ನೆರೆಯ ದೇಶಗಳಲ್ಲಿಯೂ ಆ ದಿನಗಳಲ್ಲಿ ಇಂಥ ಹಬ್ಬವೇ: ಡೆನ್ಮಾರ್ಕಿನಲ್ಲಿಯೂ ಫಿನ್‌ಲ್ಯಾಂಡಿನಲ್ಲಿಯೂ ಬೆಂಕಿ, ಸ್ವೀಡನ್ನಿನಲ್ಲಿ ಹಸಿರೆಲೆ ಹೂಗಳಿಂದ ಸಿಂಗರಿಸಿದ ಕಂಬದ ಸುತ್ತ ಕುಣಿತ. ಸಂತನ ಹೆಸರಿಗಿಂತಲೂ ಬೆಂಕಿ ಹಳೆಯದೆಂದು ಬಲ್ಲವರು ಹೇಳುವರು. ಹಗಲು ಪರಮಾವಧಿಗೆ ಬೆಳೆದು ಸೂರ್ಯನು ದಕ್ಷಿಣಕ್ಕೆ ತಿರುಗುವ ಕಾಲ ಅದು. ನಮ್ಮಲ್ಲಿ ಉತ್ತರಾಯಣದ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವೆವು. ಅವರು ಎದುರಿನ ತುದಿಯಲ್ಲಿ ಹಚ್ಚುತ್ತಾರೆ.

ಅಜ್ಜಿ ಕೇಳಿದ ಮೊದಲನೆಯ ಪ್ರಶ್ನೆ ಹೂವಿನ ವಿಷಯ: ಕನಸಿನಲ್ಲಿ ಯಾರು ಬಂದರೆಂದು. ಹುಡುಗಿ ನಾಚಿ ಮಾತು ತಿರುಗಿಸಿದಳು. ಎರಡನೆಯದನ್ನು ಟಿಬೆಟ್ಟಿನಲ್ಲಿ ಕೇಳಿದರು. ಮಗ ನಮಗೆ ಕನ್ನಡದಲ್ಲಿ ಹೇಳಿದರು. “ಆ ಬೆಂಕಿಗೆ ನೀನೇನು ಹಾಕಿದೆ?” ಊರಿನಿಂದ ತಂದಿದ್ದ ಚಂಪಾವನ್ನು ಕಾಗದದಲ್ಲಿ ಕಟ್ಟಿ ಒಯ್ದಿದ್ದೆ, ಯಾರೂ ನೋಡದಾಗ ಒಂದು ಚಿಟಿಕೆ ಹಾಕಿದೆ, ಎಂದಳು. ಕೂಗಿದೆಯಾ ಎಂದರು ಅಜ್ಜಿ. ಮನಸ್ಸಿನಲ್ಲಿ ಕೂಗಿದೆನೆಂದಳು.

ಅನಂತರವೇ ಮನೆಯವರ ನಿಜವಾದ ಚಿಂತೆ ಹೊರಬಿದ್ದಿತು. ಶಿಬಿರದ ಹುಡುಗರು ಅನೇಕರು ಕೆನಡಾ, ಅಮೆರಿಕ, ಯೂರೋಪುಗಳಿಗೆ ಹೋಗುತ್ತಿದ್ದಾರೆ. ದಿಣ್ಣೆಯ ಮೇಲೆ ನಾವು ಕಂಡವರಲ್ಲಿ ತಲೆ ನರೆತವರೇ ಹೆಚ್ಚು. ಈ ಮನೆಯ ಮಗನೂ ಬೆಂಗಳೂರಿನಲ್ಲಿದ್ದು ವಿದೇಶದ ಅರ್ಜಿಯನ್ನು ತುಂಬುತ್ತಿದ್ದಾನೆ. ಮಗಳು ತಂದೆತಾಯಿಗಳನ್ನೂ ಅಜ್ಜಿಯನ್ನೂ ತನ್ನಲ್ಲಿಗೆ ಕರೆಸಿಕೊಳ್ಳಬೇಕೆಂದು ಹಟ ಹಿಡಿದಿದ್ದಾಳೆ. ತಂದೆಗೆ ಮನಸ್ಸು ಅರ್ಧ ಅರ್ಧ. ಮನೆ ಹೊಲಗಳನ್ನು ಯಾರ ಕೈಯಲ್ಲಿ ಬಿಡುವುದೆಂದು ತಾಯಿಗೆ ಯೋಚನೆ. ಆ ದಿನವೂ ಫೋನಿನಲ್ಲಿ ಅದೇ ಮಾತು ಮತ್ತೆ ಬಂದಿತು. ಮಗಳು ಅತ್ತಳು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ನಮಗೂ ಕೇಳಲೆಂದೋ ಏನೋ, ಕನ್ನಡದಲ್ಲಿ ಹೇಳಿದರು: “ಅಲ್ಲಿ ಬೆಂಕಿ ಐತೆ ಅಂದ್ಲಲ್ಲ. ಮತ್ತೆ ನಾನು ಯಾಕೆ? ಇಲ್ಲಿ ಹಾಕೋರು ಯಾರು?”

ಯಾರೂ ಉತ್ತರ ಕೊಡಲಿಲ್ಲ. ಯಜಮಾನರು ಎದ್ದುಹೋಗಿ ಗೂಡಿನ ಕೆಂಡವನ್ನು ಕೆದಕಿ ಇನ್ನಷ್ಟು ಸೊಪ್ಪು ಹಾಕಿದರು.

ಕೊನೆಯ ಬಸ್ಸಿಗೆ ಹೊರಟೆವು. ನಮ್ಮ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ಅವರಲ್ಲಿಯೂ ಉಂಟು. ಶಂಕರಪೋಳಿಯನ್ನು ಹೋಲುವ ಖಪ್ಸೆ ಎಂಬ ತಿಂಡಿಯನ್ನು ಅದರ ತುಂಬ ತುಂಬಿಕೊಟ್ಟಿದ್ದರು. ಬಸ್ಸಿನಲ್ಲಿ ನಮ್ಮ ಶಲ್ಯದಿಂದಲೂ ಅವರ ಸೀರೆಯಿಂದಲೂ ಧೂಪದ ವಾಸನೆ ಬರುತ್ತಿದ್ದಿತು. ಪಕ್ಕದವನೊಬ್ಬ ಎಲ್ಲಿಯ ಹೋಮವೆಂದು ಕೇಳಿದನು. ಮನೆಗೆ ಬಂದು ಖಪ್ಸೆಯನ್ನು ಮೊಮ್ಮಕ್ಕಳಿಗೆ ಹಂಚಿದ ಮೇಲೆ ನಮ್ಮ ಮನೆಯವರು ಆ ಡಬ್ಬಿಯನ್ನು ಏನು ಮಾಡುವರೋ ಎಂದು ನಾವು ಮಾತನಾಡದೆ ನೋಡುತ್ತಿದ್ದೆವು. ಹೊರಗಿನ ಗೂಡಿನಲ್ಲಿ ಇಡುವರೇನೋ ಎಂದಿದ್ದೆವು. ಅವರು ಅದನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ತೊಳೆದು, ಒರೆಸಿ, ಅಡಿಗೆಮನೆಯ ಹಲಗೆಯ ಮೇಲೆ ಅದರ ಜಾಗದಲ್ಲಿಯೇ ಇಟ್ಟರು.